ಹೂವಿನ ಕಾಗದ: ಗೆಡ್ಡೆಗೆ ಕಣ್ಣಿದೆಯಾ, ನೋಡಿಕೊಳ್ಳಿ

ಈ ಸಲ ಕಾಗದಗಳು ಜಾಸ್ತಿ. ಮಳೆಗಾಲ ಹತ್ತಿರ ಬಂದರೆ ಪ್ರತಿ ವರ್ಷ ಹೀಗೇ. ಹೊಸದಾಗಿ ಓದುತ್ತಿರುವವರಿಗೆ ಒಂದು ಮಾತು: ನಾನು ತೋಟಗಾರಿಕೆ ಓದಿದವಳಲ್ಲ. ಶಿರಸಿ ಕಡೆಯ ಹಳ್ಳಿಯೊಂದರಲ್ಲಿ 31 ವರ್ಷ ಮಕ್ಕಳಿಗೆ ಮಗ್ಗಿ ಹೇಳಿಸಿದ ಟೀಚರ್. ಹೂವಿನ ವಿದ್ಯೆಯನ್ನು ಅತ್ತೆಯಿಂದ ಕಲಿತೆ. ಉಳಿದದ್ದನ್ನು ಗಿಡ ಸಾಯಿಸಿ ಸಾಯಿಸಿ ಕಲಿತೆ.

ಅಕ್ಕಾ, ಹೊಸ ಮನೆ ಕಟ್ಟಿದ್ದೇವೆ. ಮುಂದೆ ಹತ್ತಡಿ ಜಾಗ ಇದೆ. ಅಂಗಳದಲ್ಲಿ ನೋಡಲೂ ಚೆನ್ನಾಗಿರಬೇಕು, ಕೊಯ್ದು ಹೂದಾನಿಯಲ್ಲಿ ಇಡಲೂ ಆಗಬೇಕು. ನಿಮಗೆ ತುಂಬಾ ಇಷ್ಟವಾದ ಹೂ ಒಂದೇ ಒಂದು ಹೇಳಿ.
— ಓದುಗಿ, ಸಾಗರ

ಒಂದೇ ಒಂದು ಅಂದರೆ ಡೇರೆ. ಪೇಟೆಯವರು ಡೇಲಿಯಾ ಅನ್ನುತ್ತಾರಲ್ಲ, ಅದೇ. ಸಾಗರದವರಿಗೆ ಡೇರೆ ಪರಿಚಯ ಮಾಡಿಸುವುದು ಅಡಿಕೆ ಪರಿಚಯ ಮಾಡಿಸಿದ ಹಾಗೆ. ಆದರೂ ನೀವು ಕೇಳಿದಿರಿ, ನನಗೆ ಮಾತಾಡಲು ನೆಪ ಸಿಕ್ಕಿತು.

ನಾನು ಹುಟ್ಟಿದ್ದು ಹಾವೇರಿ ಕಡೆ. ಮದುವೆಯಾಗಿ ಬಂದ ವರ್ಷ ಅತ್ತೆ ಅಟ್ಟದಿಂದ ಒಂದು ಬುಟ್ಟಿ ಇಳಿಸಿದರು. ಒಣ ಮರಳಿನಲ್ಲಿ ಹುಗಿದಿಟ್ಟ ಗೆಡ್ಡೆಗಳು. ನಾನು ಗೆಣಸು ಅಂದುಕೊಂಡು "ಬೇಯಿಸಲಾ ಅತ್ತೆ?" ಅಂತ ಕೇಳಿದೆ. ಆ ಕತೆಯನ್ನು ಅವರು ಹೇಳದ ಮನೆ ನಮ್ಮ ಊರಲ್ಲಿಲ್ಲ. ಆಮೇಲೆ ನಾನೇ ನೆಂಟರ ಮನೆಯಿಂದ ಐದು ಗೆಡ್ಡೆ ಕೇಳಿ ತಂದೆ. ದಪ್ಪ ದಪ್ಪ ಇದ್ದದ್ದನ್ನೇ ಆರಿಸಿದ್ದೆ. ಮೂರು ಮೇಲೇಳಲೇ ಇಲ್ಲ. ಅತ್ತೆ ಮಣ್ಣು ಕೆದಕಿ ನೋಡಿ, "ಇದಕ್ಕೆ ಕಣ್ಣೇ ಇಲ್ಲವಲ್ಲೇ" ಅಂದರು. ಆಲೂಗೆಡ್ಡೆಗೆ ಮೈಯೆಲ್ಲ ಕಣ್ಣು. ಡೇರೆಗೆ ಹಾಗಲ್ಲ, ಹಳೇ ಕಾಂಡ ಸೇರುವ ಕತ್ತಿನ ಹತ್ತಿರ ಮಾತ್ರ. ಕತ್ತು ಮುರಿದ ಗೆಡ್ಡೆ ಎಷ್ಟು ದಪ್ಪ ಇದ್ದರೂ ಮಣ್ಣಲ್ಲಿ ಕೊಳೆಯುತ್ತದೆ, ಅಷ್ಟೇ. ಹಾಗಾಗಿ ಯಾರಾದರೂ ಗೆಡ್ಡೆ ಕೊಟ್ಟರೆ ನಾಚಿಕೆ ಬಿಟ್ಟು ಕತ್ತು ತಿರುಗಿಸಿ ನೋಡಿ.

ಇದರ ತವರು ಮೆಕ್ಸಿಕೊ. 1963ರಿಂದ ಅಲ್ಲಿನ ರಾಷ್ಟ್ರೀಯ ಹೂವೂ ಹೌದು. ಸ್ವೀಡನ್ನಿನ ಸಸ್ಯವಿಜ್ಞಾನಿ ಆಂಡರ್ಸ್ ಡಾಲ್ ಅವರ ಹೆಸರನ್ನು ಇದಕ್ಕಿಟ್ಟರು. ನಮ್ಮ ಅಜ್ಜಿಯರು ಅದನ್ನು ಬಾಯಲ್ಲಿ ಉರುಳಿಸಿ ಡೇರೆ ಮಾಡಿದರು. ಮೆಕ್ಸಿಕೊದಲ್ಲಿ ಇದು ಗುಡ್ಡದ ಗಿಡ. ತಂಪು ಬೇಕು, ಬುಡದಲ್ಲಿ ನೀರು ನಿಲ್ಲಬಾರದು. ನಮ್ಮ ಮಳೆಗಾಲದ ತಂಪು ಅದಕ್ಕೆ ಒಗ್ಗಿತು, ಮಳೆ ಮಾತ್ರ ಒಗ್ಗಲಿಲ್ಲ. ಏರುಮಡಿ, ಸಿಮೆಂಟ್ ಚೀಲ, ಮೇಲೊಂದು ಪ್ಲಾಸ್ಟಿಕ್ ಹೊದಿಕೆ ಅಂತ ಮಲೆನಾಡಿನ ಹೆಂಗಸರು ಪಡುವ ಪಾಡೆಲ್ಲ ಇದಕ್ಕೇ.

ಮೇ ಕೊನೆಗೆ ಒಂದೆರಡು ಮಳೆ ಬಿದ್ದ ಮೇಲೆ ನೆಡಿ. ನಾಲ್ಕು ಬೆರಳು ಆಳ ಸಾಕು. ಮಣ್ಣು, ಹಳೇ ಕೊಟ್ಟಿಗೆ ಗೊಬ್ಬರ, ಸ್ವಲ್ಪ ಮರಳು. ಆಧಾರಕ್ಕೆ ಅಡಿಕೆ ದಬ್ಬೆಯನ್ನು ಗೆಡ್ಡೆ ನೆಡುವಾಗಲೇ ಹುಗಿಯಿರಿ. ಗಿಡ ಬಂದ ಮೇಲೆ ಹುಗಿದರೆ ಗೆಡ್ಡೆಗೇ ಚುಚ್ಚುತ್ತದೆ. ಕಟ್ಟಲು ಬಾಳೆ ನಾರು. ನಾಲ್ಕು ಜೋಡಿ ಎಲೆ ಬಂದಾಗ ಕುಡಿ ಚಿವುಟಬೇಕು. ಮನಸ್ಸು ಬರುವುದಿಲ್ಲ, ಗೊತ್ತು. ಚಿವುಟದಿದ್ದರೆ ಒಂಟಿ ಕೋಲಿನ ಹಾಗೆ ಬೆಳೆದು, ಒಂದು ಹೂ ತೋರಿಸಿ, ಮಳೆಗೆ ಮಲಗುತ್ತದೆ. ಊಟದ ತಟ್ಟೆಯಷ್ಟು ಹೂ ಬೇಕು ಅನ್ನುವವರು ನಡುವಿನ ಮೊಗ್ಗು ಉಳಿಸಿ ಅಕ್ಕಪಕ್ಕದ ಎರಡನ್ನು ತೆಗೆಯುತ್ತಾರೆ. ನಾನು ತೆಗೆಯುವುದಿಲ್ಲ. ಹೂದಾನಿಗೆ ಮುಷ್ಟಿ ಗಾತ್ರದ ಹೂವೇ ಚೆಂದ. ತಟ್ಟೆ ಹೂ ತನ್ನ ಭಾರಕ್ಕೆ ತಾನೇ ತಲೆ ತಗ್ಗಿಸಿ ಕೂರುತ್ತದೆ. ಅದು ಜಡೆಗೆ ಸರಿ. ನಮ್ಮ ಅತ್ತೆ ಹಬ್ಬಕ್ಕೆ ಹೊರಟರೆ ತುರುಬಿಗೆ ಒಂದೇ ಡೇರೆ, ತುರುಬೇ ಕಾಣುತ್ತಿರಲಿಲ್ಲ.

ರಾತ್ರಿ ಟಾರ್ಚ್ ಹಿಡಿದು ಬಸವನಹುಳ ಹೆಕ್ಕಬೇಕು. ಎಳೆ ಚಿಗುರು ಅವಕ್ಕೆ ಪಾಯಸ. ಮಂಗ ಬಂದರೆ ನನ್ನ ಹತ್ತಿರ ಉಪಾಯ ಇಲ್ಲ, ನಮ್ಮ ನಾಯಿಯ ಹತ್ತಿರವೂ ಇಲ್ಲ.

ಕೊಯ್ಯುವ ವಿಷಯದಲ್ಲಿ ಹೆಚ್ಚಿನವರು ತಪ್ಪುತ್ತಾರೆ. ಗುಲಾಬಿಯ ಹಾಗೆ ಡೇರೆಯನ್ನು ಮೊಗ್ಗಲ್ಲಿ ಕೊಯ್ದರೆ ನೀರಲ್ಲಿ ಅರಳುವುದಿಲ್ಲ. ಮುಕ್ಕಾಲು ಪಾಲು ಅರಳಿರಬೇಕು, ಹಿಂಬದಿಯ ಎಸಳು ಇನ್ನೂ ಗಟ್ಟಿ ಇರಬೇಕು. ಬೆಳಗಿನ ತಂಪಲ್ಲಿ, ಬಕೆಟ್ಟಿನಲ್ಲಿ ನೀರು ಹಿಡಿದುಕೊಂಡೇ ಗಿಡದ ಹತ್ತಿರ ಹೋಗಿ. ನಾಲ್ಕೈದು ದಿನ ಬಾಳುತ್ತದೆ. ಅಂಗಡಿಯ ಬೊಕೆಯಲ್ಲಿ ಡೇರೆ ಅಪರೂಪ ಅಲ್ವಾ? ಕಾರಣ ಇದೇ. ಪೆಟ್ಟಿಗೆಯಲ್ಲಿ ತುಂಬಿ ಲಾರಿಯಲ್ಲಿ ಕಳಿಸಿದರೆ ಎಸಳಿಗೆ ಪೆಟ್ಟಾಗುತ್ತದೆ. ಬೆಳೆದವರ ಮನೆಯ ಮೇಜಿಗೇ ಅದರ ಚೆಂದ.

ಮೇಡಂ, ಬಾಲ್ಕನಿಯಲ್ಲಿ ಸೇವಂತಿಗೆ ಕುಂಡ ಇಟ್ಟಿದ್ದೇನೆ. ತಂದಾಗ ಹಳದಿ ಹೂ ತುಂಬಿತ್ತು. ಒಂದೂವರೆ ವರ್ಷ ಆಯಿತು, ಎಲೆ ಸೊಂಪಾಗಿದೆ, ಒಂದು ಮೊಗ್ಗೂ ಇಲ್ಲ. ಯಾವ ಗೊಬ್ಬರ ಹಾಕಲಿ? ಫೋಟೋ ಕಳಿಸಿದ್ದೇನೆ.
— ಓದುಗ, ಬೆಂಗಳೂರು

ಗೊಬ್ಬರ ಹಾಕಬೇಡಿ. ನಿಮ್ಮ ಫೋಟೋದಲ್ಲಿ ಗಿಡಕ್ಕಿಂತ ಮೊದಲು ನನ್ನ ಕಣ್ಣಿಗೆ ಬಿದ್ದದ್ದು ಕಂಬಿಯ ಆಚೆಗಿನ ಬೀದಿ ದೀಪ.

ಸೇವಂತಿಗೆ ರಾತ್ರಿ ಉದ್ದ ಆದಾಗ ಮೊಗ್ಗು ಕಟ್ಟುವ ಗಿಡ. ಅದಕ್ಕೇ ಚಳಿಗಾಲದಲ್ಲಿ ಮಾರುಕಟ್ಟೆ ತುಂಬ ಅದರ ರಾಶಿ. ರಾತ್ರಿಯಿಡೀ ತಲೆ ಮೇಲೆ ದೀಪ ಉರಿದರೆ ಪಾಪ, ಅದಕ್ಕೆ ಇನ್ನೂ ಬೇಸಿಗೆಯ ಹಗಲೇ ಮುಗಿದಿಲ್ಲ ಅನ್ನಿಸುತ್ತದೆ. ಎಲೆ ಬಿಡುತ್ತಲೇ ಇರುತ್ತದೆ. ಬೆಳೆಗಾರರು ಈ ಗುಟ್ಟನ್ನೇ ಬಳಸಿಕೊಳ್ಳುತ್ತಾರೆ. ಗಿಡ ಎತ್ತರ ಬೆಳೆಯಲಿ ಅಂತ ನಡುರಾತ್ರಿ ಒಂದಷ್ಟು ಹೊತ್ತು ಬಲ್ಬ್ ಉರಿಸುತ್ತಾರೆ, ಹೂ ಯಾವಾಗ ಬೇಕೋ ಲೆಕ್ಕ ಹಾಕಿ ನಿಲ್ಲಿಸುತ್ತಾರೆ. ನಿಮ್ಮ ಬೀದಿಯಲ್ಲಿ ನಿಲ್ಲಿಸುವವರು ಯಾರೂ ಇಲ್ಲ.

ಜೂನ್‌ನಲ್ಲಿ ಹಳೇ ಕಾಂಡ ಕತ್ತರಿಸಿ, ಬುಡದಲ್ಲಿ ಎದ್ದ ಮರಿಗಳನ್ನು ಬೇರು ಸಮೇತ ಬಿಡಿಸಿ ಹೊಸ ಮಣ್ಣಲ್ಲಿ ನೆಡಿ. ಆಗಸ್ಟ್ ಮುಗಿಯುವವರೆಗೆ ಎರಡು ಸಲ ಕುಡಿ ಚಿವುಟಿ. ಸೆಪ್ಟೆಂಬರ್‌ನಿಂದ ಸಂಜೆ 6ಕ್ಕೆ ರಟ್ಟಿನ ಪೆಟ್ಟಿಗೆ ಮುಚ್ಚಿ, ಬೆಳಿಗ್ಗೆ 8ಕ್ಕೆ ತೆಗೆಯಿರಿ. ನಮ್ಮಲ್ಲಿ ಕೋಳಿಗೆ ಬುಟ್ಟಿ ಮುಚ್ಚುವ ಹಾಗೆ. ಒಂದು ದಿನ ಮುಚ್ಚಿ ಮೂರು ದಿನ ಮರೆತರೆ ನಡೆಯುವುದಿಲ್ಲ. ಮೊಗ್ಗು ಬಣ್ಣ ತೋರಿಸಿದ ಮೇಲೆ ಪೆಟ್ಟಿಗೆ ಬೇಡ. ಎರಡು, ಎರಡೂವರೆ ತಿಂಗಳಲ್ಲಿ ಹೂ ನೋಡುತ್ತೀರಿ. ಇಷ್ಟೆಲ್ಲ ರಗಳೆ ಬೇಡ ಅಂದರೆ ಕುಂಡವನ್ನು ದೀಪ ಬೀಳದ ಗೋಡೆಯ ಮರೆಗೆ ಸರಿಸಿ. ಹಗಲು ಅಲ್ಲಿ ಬಿಸಿಲು ಬೀಳುತ್ತದೆಯಾ ಅಂತ ಮಾತ್ರ ನೋಡಿಕೊಳ್ಳಿ.

ಮಗಳ ಆರತಕ್ಷತೆಗೆ ವೇದಿಕೆಯ ಹೂಗುಚ್ಛ ನಾವೇ ಮಾಡೋಣ ಅಂತ ಅಕ್ಕತಂಗಿಯರು ಹಠ ಹಿಡಿದಿದ್ದೇವೆ. ಖರ್ಚು ಕಡಿಮೆ ಆಗಬೇಕು, ಬಾಡಿ ಮರ್ಯಾದೆ ಹೋಗಬಾರದು. ಯಾವ ಹೂ ತರೋಣ?
— ಓದುಗಿ, ದಾವಣಗೆರೆ

ಮೊದಲು ನನ್ನ ಮರ್ಯಾದೆ ಹೋದ ಕತೆ ಕೇಳಿ. ನಾದಿನಿಯ ಮಗನ ಮದುವೆಗೆ ನಾನೂ ಹೀಗೇ ಹಠ ಹಿಡಿದಿದ್ದೆ. ಹುಬ್ಬಳ್ಳಿಯಿಂದ ಗುಲಾಬಿ ಬಣ್ಣದ ಕಾರ್ನೇಶನ್ ತರಿಸಿ, ತಂಪಿಗೆ ಅಂತ ಉಗ್ರಾಣದಲ್ಲಿಟ್ಟೆ. ಪಕ್ಕದಲ್ಲೇ ಹಣ್ಣಾದ ಬಾಳೆಗೊನೆ ನಾಲ್ಕು. ಬೆಳಿಗ್ಗೆ ನೋಡಿದರೆ ಹೂವೆಲ್ಲ ಎಸಳು ಒಳಗೆ ಮಡಚಿಕೊಂಡು ನಿದ್ದೆ ಹೊಡೆಯುತ್ತಿವೆ. ಹಣ್ಣಾಗುವ ಬಾಳೆ, ಮಾವು ಎಥಿಲೀನ್ ಅನ್ನುವ ಅನಿಲ ಬಿಡುತ್ತವೆ. ಹಣ್ಣನ್ನು ಮಾಗಿಸುವ ಅದೇ ಅನಿಲ ಹೂವನ್ನು ಮುದಿ ಮಾಡುತ್ತದೆ. ಕಾರ್ನೇಶನ್ನಿಗಂತೂ ಅದು ಸ್ವಲ್ಪವೂ ಆಗದು. ಆಮೇಲೆ ಅಂಗಳದ ಕ್ರೋಟನ್ ಎಲೆಯಲ್ಲೇ ವೇದಿಕೆ ಮುಗಿಸಿದೆವು. ಮದುವೆ ಮನೆಯಲ್ಲಿ ಹಣ್ಣಿಲ್ಲದ ಕೋಣೆ ಹುಡುಕುವುದೇ ನಿಮ್ಮ ಮೊದಲ ಕೆಲಸ.

ಹೂ ಅಂದರೆ ನನ್ನ ಮತ ಸುಗಂಧರಾಜಕ್ಕೆ. ಕಡ್ಡಿ ಉದ್ದ, ವಾಸನೆ ಇದೆ, ಕೆಳಗಿನಿಂದ ಮೇಲಕ್ಕೆ ಒಂದೊಂದೇ ಅರಳುತ್ತ ದಿನಗಟ್ಟಲೆ ಬರುತ್ತದೆ. ಒಂಟಿ ಸುತ್ತಿನ ಎಸಳಿನದು ವಾಸನೆಗೆ ಹೆಸರುವಾಸಿ, ಹಾರಕ್ಕೆ ಹೋಗುತ್ತದೆ. ಬೊಕೆಗೆ ಹಲವು ಸುತ್ತಿನದು ಕೇಳಿ. ಬೆಂಗಳೂರಿನ ಹತ್ತಿರ ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯವರು ಬಿಡುಗಡೆ ಮಾಡಿದ ಸುವಾಸಿನಿ, ವೈಭವ್ ಈ ಜಾತಿಯವು. ಅವರದೇ ಪ್ರಜ್ವಲ್ ಒಂಟಿ ಸುತ್ತಿನದು, ಮೊಗ್ಗಿಗೆ ನಸುಗೆಂಪು ಛಾಯೆ ಇರುತ್ತದೆ. ಕಡ್ಡಿಯ ಕೆಳಗಿನ ಒಂದೆರಡು ಹೂ ಬಿರಿದಿರಬೇಕು, ಅಂಥದ್ದನ್ನೇ ಆರಿಸಿ.

ಬಣ್ಣಕ್ಕೆ ಗ್ಲಾಡಿಯೋಲಸ್ ತರಬಹುದು. ಅದನ್ನು ಅಡ್ಡ ಮಲಗಿಸಬೇಡಿ. ತುದಿ ಮೇಲಕ್ಕೆ ಡೊಂಕಾಗುತ್ತದೆ, ಆಮೇಲೆ ಏನು ಮಾಡಿದರೂ ನೆಟ್ಟಗಾಗುವುದಿಲ್ಲ. ಜರ್ಬೆರಾಕ್ಕೆ ಎರಡು ಮೂರು ಬೆರಳು ನೀರು ಸಾಕು. ರೋಮ ಇರುವ ಮೆತ್ತನೆ ದಂಟು ಅದು, ಕುತ್ತಿಗೆವರೆಗೆ ಮುಳುಗಿಸಿದರೆ ಕೊಳೆಯುತ್ತದೆ. ಎಲ್ಲ ಹೂವಿಗೂ ನೀರಿನೊಳಗೆ ಹೋಗುವ ಎಲೆ ಕಿತ್ತು ತೆಗೆಯಿರಿ. ದಂಟಿನ ತುದಿ ಓರೆಯಾಗಿ ಕತ್ತರಿಸಿ, ಹಿಂದಿನ ರಾತ್ರಿಯಿಡೀ ಬಕೆಟ್ ನೀರಲ್ಲಿ ನಿಲ್ಲಿಸಿ. ಈ ಒಂದು ರಾತ್ರಿ ನೀರು ಕುಡಿದ ಹೂವಿಗೂ, ಮಧ್ಯಾಹ್ನ ತಂದು ಸಂಜೆ ಚುಚ್ಚಿದ ಹೂವಿಗೂ ಅಜಗಜಾಂತರ.

ಚುಚ್ಚಲು ಅಂಗಡಿಯಲ್ಲಿ ಹಸಿರು ಸ್ಪಂಜು ಸಿಗುತ್ತದೆ. ಅದು ಕೊಳೆಯುವ ವಸ್ತು ಅಲ್ಲ, ಒಂದು ಸಂಜೆಗೆ ಬಳಸಿ ವರ್ಷಗಟ್ಟಲೆ ಮಣ್ಣಲ್ಲಿ ಉಳಿಯುತ್ತದೆ. ನಾನು ಬಾಳೆ ದಿಂಡು ಬಳಸುತ್ತೇನೆ. ಒಂದಡಿಯ ತುಂಡು ಮಾಡಿ, ತೆಂಗಿನ ಗರಿಯ ಕಡ್ಡಿಯಲ್ಲಿ ಮೊದಲು ತೂತು ಮಾಡಿ, ಆಮೇಲೆ ಹೂವಿನ ದಂಟು ಇಳಿಸಿ. ಒಳಗೇ ನೀರಿರುತ್ತದೆ, ಒಂದು ಸಂಜೆ ಆರಾಮಾಗಿ ಕಳೆಯುತ್ತದೆ. ಒಂದೇ ತೊಂದರೆ ಅಂದರೆ ಬಾಳೆ ಕಲೆ. ರೇಷ್ಮೆ ಸೀರೆ ಉಟ್ಟ ಮೇಲೆ ಯಾರೂ ದಿಂಡು ಮುಟ್ಟಕೂಡದು, ಹೇಳಿಬಿಟ್ಟಿದ್ದೇನೆ.

ಬೊಕೆಗಳಿಗೆ ಪರಿಮಳವೇ ಇರುವುದಿಲ್ಲ. ಮಲ್ಲಿಗೆ ಸೇರಿಸಿದರೆ?
— ಓದುಗಿ, ಹುಬ್ಬಳ್ಳಿ

ಮಲ್ಲಿಗೆಗೆ ಹೂದಾನಿಯಲ್ಲಿ ನಿಲ್ಲುವಷ್ಟು ತೊಟ್ಟು ಎಲ್ಲಿದೆ ಹೇಳಿ? ಅದು ದಾರದ ಹೂ. ಮೈಸೂರು, ಉಡುಪಿ, ಹಡಗಲಿ ಮೂರೂ ಮಲ್ಲಿಗೆಗೆ ಭೌಗೋಳಿಕ ಗುರುತು ಸಿಕ್ಕಿದೆ, ಮೂರೂ ಹೋಗುವುದು ಮಾಲೆಗೇ. ಉಡುಪಿ ಕಡೆಯವರು ಅದನ್ನು ಮುತ್ತಿನ ಹಾಗೆ ಲೆಕ್ಕ ಹಾಕುತ್ತಾರೆ: 800 ಹೂವಿಗೆ ಒಂದು ಚೆಂಡು, 4 ಚೆಂಡಿಗೆ ಒಂದು ಅಟ್ಟೆ. ನೀವು ಬೇರೆ ಹೂವಿನ ಗುಚ್ಛ ಮಾಡಿ, ಕೈಯಲ್ಲಿ ಹಿಡಿಯುವ ಜಾಗಕ್ಕೆ ಒಂದು ಮೊಳ ಮೊಗ್ಗು ಸುತ್ತಿ. ಸಂಜೆ ಹೊತ್ತಿಗೆ ಅರಳುತ್ತದೆ. ಬೊಕೆ ಯಾರಿಗೆ ಕೊಡುತ್ತೀರೋ ಅವರು ಅದನ್ನು ಬಿಚ್ಚಿ ಮುಡಿದುಕೊಳ್ಳಲೂ ಬಹುದು.

ಒಂದೂವರೆ ವರ್ಷದ ಮೊಮ್ಮಗ ಸಿಕ್ಕಿದ್ದೆಲ್ಲ ಬಾಯಿಗೆ ಹಾಕುತ್ತಾನೆ. ಅಂಗಳದಲ್ಲಿ ಕಣಗಿಲೆ ಇದೆ. ಇರಲಾ, ತೆಗೆಯಲಾ?
— ಓದುಗರು, ಮಂಡ್ಯ

ತೆಗೆಯಿರಿ. ಕಣಗಿಲೆಯ ಎಲೆ, ಹೂ, ಹಾಲು ಎಲ್ಲವೂ ವಿಷ. ಕಡಿದದ್ದನ್ನು ಒಲೆಗೆ ಹಾಕಬೇಡಿ, ಹೊಗೆಯೂ ಒಳ್ಳೆಯದಲ್ಲ. ಗೌರಿ ಹಬ್ಬದ ಹೊತ್ತಿಗೆ ಬೇಲಿಯಲ್ಲಿ ಬೆಂಕಿಯ ಹಾಗೆ ಅರಳುವ ಗೌರಿ ಹೂವೂ ಹಾಗೇ, ಅದರ ಗೆಡ್ಡೆ ಇನ್ನೂ ಅಪಾಯ. ದತ್ತೂರದ ಮಾತಂತೂ ಬೇಡ. ಹುಡುಗನಿಗೆ ಬುದ್ಧಿ ಬರುವವರೆಗೆ ದಾಸವಾಳ ಬೆಳೆಸಿ.

ನಾನು ಶಿರಸಿಯವಳೇ, ಈಗ ಅಮೆರಿಕದ ನ್ಯೂಜೆರ್ಸಿಯಲ್ಲಿದ್ದೇನೆ. ಅಮ್ಮನ ಡೇರೆ ನೆನಪಾಗುತ್ತದೆ. ಈ ಸಲ ಬಂದಾಗ ಗೆಡ್ಡೆ ತರಬಹುದಾ? ಇಲ್ಲಿಯ ಹಿಮಕ್ಕೆ ಉಳಿಯುತ್ತದಾ?

ಸುಮ್ನೆ ಪೆಟ್ಟಿಗೆಯಲ್ಲಿ ಹಾಕಿಕೊಂಡು ಹೋಗಬೇಡ ಮಗಾ. ಸಸ್ಯ ಆರೋಗ್ಯದ ಪ್ರಮಾಣಪತ್ರ ಇಲ್ಲದೆ ಗೆಡ್ಡೆ ಒಳಗೆ ಬಿಡುವುದಿಲ್ಲ. ಅಲ್ಲೇ ಬೇಕಾದಷ್ಟು ಬಣ್ಣದ್ದು ಸಿಗುತ್ತದೆ, ಕೊಂಡುಕೋ. ನಿಮ್ಮಲ್ಲೂ ಹಿಮ ಕಳೆದು ನೆಡುವುದು ಮೇ ತಿಂಗಳಲ್ಲೇ, ಅಮ್ಮನೂ ನೀನೂ ಒಟ್ಟಿಗೇ ನೆಡಬಹುದು. ಮೊದಲ ಹಿಮಕ್ಕೆ ಎಲೆ ಕಪ್ಪಾದ ಕೂಡಲೇ ಕಾಂಡ ಗೇಣುದ್ದ ಬಿಟ್ಟು ಕತ್ತರಿಸಿ ಅಗೆದು ತೆಗೆ. ನೆಲ ಹೆಪ್ಪುಗಟ್ಟಿದರೆ ಗೆಡ್ಡೆ ಲೊಳಲೊಳ ಆಗಿಬಿಡುತ್ತದೆ. ಮಣ್ಣು ಒದರಿ, ಒಣಗಿಸಿ, ಮರದ ಹೊಟ್ಟಿನಲ್ಲಿ ಮುಚ್ಚಿ ನೆಲಮಾಳಿಗೆಯಲ್ಲಿಡು. ಅತ್ತೆಯ ಅಟ್ಟದ ಬುಟ್ಟಿಯ ಕೆಲಸವನ್ನೇ ನಿನ್ನ ನೆಲಮಾಳಿಗೆ ಮಾಡುತ್ತದೆ. ತಿಂಗಳಿಗೊಮ್ಮೆ ಮುಟ್ಟಿ ನೋಡು, ಕೊಳೆತದ್ದಿದ್ದರೆ ಎಸೆ.

ನಿಮ್ಮ ಡೇರೆ ಗೆಡ್ಡೆ ಮಾರುತ್ತೀರಾ? ದುಡ್ಡು ಎಷ್ಟಾದರೂ ಸರಿ.
— ಓದುಗರು, ಚಿಕ್ಕಮಗಳೂರು

ಮಾರುವುದಿಲ್ಲ. ಅತ್ತೆಯ ಕಾಲದಿಂದಲೂ ಒಂದಕ್ಕೊಂದು ಬದಲಿ. ಈ ಕಡೆ ಬಂದರೆ ನಿಮ್ಮಲ್ಲಿರುವುದು ಒಂದು ತನ್ನಿ, ನಮ್ಮದು ಒಂದು ಒಯ್ಯಿರಿ. ಕೆಂಪು, ಹಳದಿ, ಕೇಸರಿ ಇವೆ. ಬಿಳಿ ಎಸಳಿಗೆ ನೇರಳೆ ಅಂಚಿನದು ಮಾತ್ರ ಈ ವರ್ಷ ಇಲ್ಲ. ಮುಳ್ಳುಹಂದಿ ಒಂದೇ ರಾತ್ರಿಯಲ್ಲಿ ಮಡಿ ಅಗೆದು ತಿಂದುಹೋಯಿತು. ಯಾರ ಹತ್ತಿರವಾದರೂ ಆ ಬಣ್ಣದ್ದಿದ್ದರೆ ನನಗೇ ಒಂದು ಕೊಡಿ. ಕಣ್ಣು ಇರುವುದನ್ನು.