ಹಬ್ಬ ಮುಗಿಸಿ ಎಲ್ಲರೂ ಹೊರಟ ಮೇಲೆ

ಜನವರಿ ಬಂತೆಂದರೆ ಆಪ್ತಸಲಹೆಯ ಕೆಲಸ ಮಾಡುವ ನನ್ನ ಹತ್ತಿರ ಒಂದೇ ಥರದ ಜನ ಬರಲು ಶುರುವಾಗುತ್ತಾರೆ. ಊರಲ್ಲೇ ಉಳಿದ ಮಗ, ಅವನ ಹೆಂಡತಿ, ಅಮ್ಮನನ್ನು ನೋಡಿಕೊಳ್ಳುತ್ತಾ ಮದುವೆ ಮುಂದೆ ಹಾಕಿದ ಮಗಳು. ದೀಪಾವಳಿ ಆದ ಮೇಲೂ ಬರುತ್ತಾರೆ, ಕ್ರಿಸ್ಮಸ್ ಆದ ಮೇಲೂ ಬರುತ್ತಾರೆ. "ಹಬ್ಬದಿಂದ ಬೇಜಾರಾಯ್ತು" ಅಂತ ಯಾರೂ ಹೇಳುವುದಿಲ್ಲ ಬಿಡಿ. ನಿದ್ದೆ ಇಲ್ಲ, ತಲೆನೋವು, ಸಿಟ್ಟು ಜಾಸ್ತಿ ಆಗಿದೆ, ಇಷ್ಟೇ. ಅಂಥ ಒಬ್ಬರ ಪ್ರಕರಣ ಇದು. ಅವರ ಒಪ್ಪಿಗೆ ಪಡೆದಿದ್ದೇನೆ, ಗುರುತು ಸಿಗುವ ವಿವರ ಬದಲಿಸಿದ್ದೇನೆ.

ಹೊಸನಗರದ ಕಡೆಯ ಕೊಂಕಣಿ ಕ್ಯಾಥೊಲಿಕ್ ಮನೆ. ಎರಡು ಎಕರೆ ಅಡಿಕೆ. ಅಪ್ಪ ಇಲ್ಲ, ಅಮ್ಮನಿಗೆ ಮಂಡಿನೋವು. ಒಬ್ಬ ಅಣ್ಣ ಬೆಂಗಳೂರು, ಇನ್ನೊಬ್ಬ ದುಬೈ, ಅಕ್ಕ ಮಂಗಳೂರು. ಇವರು ಕಿರಿಯವರು, ನಲವತ್ತರ ಹತ್ತಿರ, ಮದುವೆ ಆಗಿಲ್ಲ. ತೋಟದ ಮನೆಗೆ ಹೆಣ್ಣು ಸಿಗದ ಕಥೆಯನ್ನು ಮಲೆನಾಡಿನವರಿಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ.

ಮೊದಲ ಭೇಟಿಯಲ್ಲಿ ಕೇಳಬೇಕಾದ್ದನ್ನೆಲ್ಲ ಕೇಳಿದೆ. ಊಟ, ನಿದ್ದೆ, ಕುಡಿತ, ಬದುಕು ಸಾಕು ಅನಿಸುತ್ತದಾ ಅಂತ. ಹೀಗೆ ನೇರವಾಗಿ ಕೇಳಿದರೆ ಇಲ್ಲದ ಯೋಚನೆ ತಲೆಗೆ ಹೊಕ್ಕುತ್ತದೆ ಎಂದು ಜನ ಹೆದರುತ್ತಾರೆ. ಹಾಗೇನೂ ಆಗುವುದಿಲ್ಲ, ಕೇಳಲೇಬೇಕು. ಎರಡು ವಾರಕ್ಕಿಂತ ಹೆಚ್ಚು ದಿನ ಯಾವುದೂ ಬೇಡ ಅನಿಸುತ್ತಿದ್ದರೆ, ಊಟ ಸೇರದೆ ಹಾಸಿಗೆ ಬಿಟ್ಟು ಏಳುವುದೇ ಕಷ್ಟ ಎನ್ನುವ ಹಾಗಿದ್ದರೆ ನಾನು ಸಲಹೆ ಕೊಡುತ್ತಾ ಕೂರುವುದಿಲ್ಲ, ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯ ಮನೋವೈದ್ಯರ ಹತ್ತಿರ ಕಳಿಸುತ್ತೇನೆ. ಇವರದು ಆ ಥರ ಕಾಣಲಿಲ್ಲ. ಬೆಳಿಗ್ಗೆ ಆರಕ್ಕೆ ತೋಟದಲ್ಲಿ ಇರುತ್ತಿದ್ದರು. ರಾತ್ರಿ ಮಾತ್ರ ಕಣ್ಣು ಮುಚ್ಚುತ್ತಿರಲಿಲ್ಲ.

ಎರಡನೇ ಸಲ ಬರುವಾಗ ಒಂದು ಡಬ್ಬಿ ಕುಸ್ವಾರ್, ಅಂದರೆ ಕ್ರಿಸ್ಮಸ್ ತಿಂಡಿ, ತಂದಿದ್ದರು. ನೆವ್ರಿ, ಕಿಡಿಯೊ, ಗುಳಿಯೊ, ಚಕ್ಕುಲಿ. ಬಂದವರಿಂದ ಏನೂ ತೆಗೆದುಕೊಳ್ಳಬಾರದು ಎಂಬ ನಿಯಮ ನನಗೂ ಗೊತ್ತು. ಆದರೆ ನಮ್ಮ ಕಡೆ ಹಬ್ಬದ ತಿಂಡಿ ಬೇಡ ಅಂದರೆ ಮುಂದಿನ ಮಾತು ಹುಟ್ಟುವುದೇ ಇಲ್ಲ. ಒಂದು ನೆವ್ರಿ ತಿಂದು, ಯಾರು ಮಾಡಿದ್ದು ಅಂತ ಸುಮ್ನೆ ಕೇಳಿದೆ.

"ಅಮ್ಮ ಕೂತು ಹೇಳಿದ್ದು, ನಾನು ಕರಿದಿದ್ದು."

ಆಮೇಲೆ ನಾನು ಕೇಳುವ ಅಗತ್ಯವೇ ಬೀಳಲಿಲ್ಲ. ಯೇಸು ಹುಟ್ಟಿದ ಕೊಟ್ಟಿಗೆಯ ಮಾದರಿಯಾದ ಗೋದಲಿಗೆ ಹುಲ್ಲು ತಂದಿದ್ದು ಇವರು, ನಕ್ಷತ್ರ ಕಟ್ಟಿದ್ದು ಇವರು. 23ಕ್ಕೆ ಎಲ್ಲ ಬಂದರು, ಮಕ್ಕಳು ಫೋರ್ಕಿನ ಮೇಲೆ ನಾಲ್ಕು ಕಿಡಿಯೊ ಸುತ್ತಿ ಫೋಟೋ ತೆಗೆಸಿಕೊಂಡರು, ರಾತ್ರಿ ಪೂಜೆಗೆ ಎಲ್ಲರೂ ಒಟ್ಟಿಗೆ ಹೋದರು, ಮಾರನೇ ದಿನ ಊಟಕ್ಕೆ ಕೂತಾಗ ಅಣ್ಣ "ನಿನ್ನಷ್ಟು ಪುಣ್ಯವಂತ ಯಾರೂ ಇಲ್ಲ ಮಾರಾಯ, ಈ ಗಾಳಿ, ಈ ನೀರು, ಅಮ್ಮನ ಕೈ ಊಟ" ಅಂದರು. ಆ ಊಟವನ್ನು ದಿನಾ ಮಾಡುವವರು ಯಾರು ಎಂದು ಅಮ್ಮನೂ ಹೇಳಲಿಲ್ಲ, ಇವರೂ ಹೇಳಲಿಲ್ಲ. 26ರ ಸಂಜೆ ಒಬ್ಬೊಬ್ಬರಾಗಿ ಹೊರಟರು. 27ಕ್ಕೆ ಕೊನೆಗಾರ, ಅಂದರೆ ಮರ ಹತ್ತಿ ಅಡಿಕೆ ಗೊನೆ ಕೊಯ್ಯುವವನು, ದಿನ ಕೊಟ್ಟಿದ್ದ. ಅವನು ಕೊಟ್ಟ ದಿನ ತಪ್ಪಿದರೆ ಮತ್ತೆ ಯಾವಾಗ ಸಿಗುತ್ತಾನೋ, ಅಷ್ಟರಲ್ಲಿ ಕಾಯಿ ಹಣ್ಣಾಗುತ್ತದೆ. ಕ್ರಿಸ್ಮಸ್ ಇರಲಿ, ಏನೇ ಇರಲಿ, ಕೊಯ್ದ ಕಾಯಿ ಕಾಯುವುದಿಲ್ಲ. ಸುಲಿಯಬೇಕು, ಚೊಗರು ಹಾಕಿ ಬೇಯಿಸಬೇಕು, ಒಣಗಿಸಬೇಕು.

ಇದರ ನಡುವೆ ಅಕ್ಕಪಕ್ಕದ ಮನೆಗಳಿಗೆ ಕುಸ್ವಾರ್ ತಟ್ಟೆ ಹೋಗಬೇಕು. ದೀಪಾವಳಿಗೆ ಅವರ ಮನೆಗಳಿಂದ ತಿಂಡಿ ಬಂದಿರುತ್ತದೆ, ಸಂಕ್ರಾಂತಿಗೆ ಎಳ್ಳುಬೆಲ್ಲ ಬರುತ್ತದೆ, ತಪ್ಪಿಸುವ ಹಾಗಿಲ್ಲ. ಹೋಗಿ ಕೊಟ್ಟು ಬರುವವರೂ ಇವರೇ.

"ಹನ್ನೊಂದು ಮನೆಗೆ ಹೋದೆ ಮೇಡಂ. ಎಲ್ಲ ಕಡೆ ಕೇಳಿದ್ದು ಒಂದೇ. ಏನೋ, ಎಲ್ಲಾ ಹೋದ್ರಾ? ಮನೆ ಖಾಲಿ ಆಯ್ತಲ್ಲೋ? ನಾನು ತಟ್ಟೆ ಹಿಡ್ಕೊಂಡು ಅಲ್ಲೇ ನಿಂತಿದ್ದೆ. ನಾನಿರೋ ಮನೆ ಖಾಲಿ ಹೇಗಾಗುತ್ತೆ?"

ಕೊನೆಗೆ ಮನೆಗೆ ಬಂದರೆ ಅಮ್ಮ ಜಗಲಿಯಲ್ಲಿ ಕೂತು ಅದೇ ಮಾತು ಹೇಳಿದರಂತೆ. ಮನೆ ಖಾಲಿ ಆಯ್ತು ಮಗಾ ಅಂತ. ಇವರು ಕೈಯಲ್ಲಿದ್ದ ತಟ್ಟೆಯನ್ನು ಅಂಗಳಕ್ಕೆ ಎಸೆದರು. ಅಮ್ಮ ಅತ್ತರು. ನಿದ್ದೆ ಹೋಗಿದ್ದು ಅವತ್ತಿನಿಂದ.

ಅಮ್ಮನ ಹತ್ತಿರ ಕ್ಷಮೆ ಕೇಳಿ ಎಂದು ನಾನು ಹೇಳಲಿಲ್ಲ, ಅದನ್ನು ಅವರು ಮಾಡಿಯಾಗಿತ್ತು. ಮನಸ್ಸಿನಲ್ಲಿ ಇರುವುದನ್ನು ಅಣ್ಣಂದಿರಿಗೆ ಹೇಳಿಕೊಳ್ಳಿ ಎಂದೂ ಹೇಳಲಿಲ್ಲ. ನಾನು ಹೇಳಿದ್ದು ಇಷ್ಟು: ಮುಂದಿನ ಕ್ರಿಸ್ಮಸ್‌ಗೆ 26ರ ಬೆಳಿಗ್ಗೆ ಮೊದಲು ಬ್ಯಾಗ್ ಹಿಡಿದು ಹೊರಡುವವರು ನೀವಾಗಿ. ಒಂದು ವಾರ. ಮೂವರಲ್ಲಿ ಒಬ್ಬರು ಮನೆಯಲ್ಲಿ ಉಳಿಯಲಿ. ಇದನ್ನು ಹಬ್ಬದಲ್ಲಿ ಕೇಳಬೇಡಿ, ಜೂನ್‌ನಲ್ಲೇ ಕೇಳಿ, ಅವರು ರಜೆಗೆ ಅರ್ಜಿ ಹಾಕುವ ಮೊದಲು. ಸ್ವಲ್ಪ ಸಹಾಯ ಮಾಡಿ ಅಂತ ಕೇಳಿದರೆ ಎಲ್ಲರೂ ಆಗಲಿ ಅನ್ನುತ್ತಾರೆ, ಯಾರೂ ಬರುವುದಿಲ್ಲ. 26ರಿಂದ ಜನವರಿ 2ರವರೆಗೆ ಯಾರು ಇರುತ್ತೀರಿ ಅಂತ ಕೇಳಿ.

"ಕೊಯ್ಲು?" ಅಂದರು.

ಇರುವವರು ಮಾಡಿಸುತ್ತಾರೆ ಅಂದೆ. ನಕ್ಕರು. ನನ್ನೆದುರು ನಕ್ಕಿದ್ದು ಅದೇ ಮೊದಲು.

ಆಪ್ತಸಲಹೆಗಾರರು ಹೀಗೆ ಮಾಡಿ, ಹಾಗೆ ಮಾಡಿ ಅಂತ ಹೇಳಬಾರದು, ಬಂದವರೇ ದಾರಿ ಕಂಡುಕೊಳ್ಳಲು ಜೊತೆಗಿರಬೇಕು ಎಂದು ಈ ಕೆಲಸದಲ್ಲಿರುವ ಗೆಳೆಯರು ನನಗೆ ನೆನಪಿಸುತ್ತಾರೆ. ನಾನು ಕಲಿತದ್ದೂ ಅದನ್ನೇ. ಆದರೆ ಸುಲಿದ ಅಡಿಕೆ ಬಿಟ್ಟು ಎರಡು ಬಸ್ ಬದಲಿಸಿ ಬಂದ ಮನುಷ್ಯನಿಗೆ "ನಿಮಗೆ ಏನನ್ನಿಸುತ್ತದೆ" ಎಂದಷ್ಟೇ ಕೇಳಿ ಕಳಿಸುವುದು ನನ್ನಿಂದ ಆಗುವುದಿಲ್ಲ. ಇವರಿಗೆ ಏನನ್ನಿಸುತ್ತದೆ ಎನ್ನುವುದು ಇವರಿಗೆ ಚೆನ್ನಾಗಿಯೇ ಗೊತ್ತಿತ್ತು. ಗೊತ್ತಿಲ್ಲದ್ದು, ತಾನೂ ಹೊರಡಬಹುದು ಅನ್ನುವುದು. ಅಪ್ಪ ಹೋದ ಮೇಲೆ ಆ ಮಾತನ್ನು ಇವರಿಗೆ ಯಾರೂ ಹೇಳಿರಲಿಲ್ಲ.

ಅಕ್ಕ ಫೋನ್ ಮಾಡಿದರು. ತಮ್ಮನಿಗೆ ಹೇಳಿಯೇ ಮಾತಾಡಿದೆ. "ವರ್ಷಕ್ಕೊಮ್ಮೆ ತವರಿಗೆ ಬರೋದು, ಅದಕ್ಕೂ ಲೆಕ್ಕ ಹಾಕಿಸಿಬಿಟ್ರಲ್ಲ" ಅಂದರು. ಅವರ ಮಾತಲ್ಲೂ ನಿಜ ಇತ್ತು. ಗಂಡನ ಮನೆಯಲ್ಲಿ 26ಕ್ಕೆ ಇವರ ದಾರಿ ಕಾಯುತ್ತಾ ಇರುತ್ತಾರೆ, ಹೊರಡುವಾಗ ಬಸ್ಸಿನಲ್ಲಿ ಅತ್ತುಕೊಂಡೇ ಹೋಗುತ್ತಾರಂತೆ. ಹೋಗುವವರು ಕಟುಕರು ಅಂತ ನಾನು ಯಾವತ್ತೂ ಹೇಳಿಲ್ಲ. ಆದರೆ ಲೆಕ್ಕ ಹಾಕಿಸಿದ್ದು ನಾನಲ್ಲ. ಅದು ಹಿಂದಿನಿಂದಲೂ ನಡೆಯುತ್ತಿತ್ತು, ಒಬ್ಬರೇ ರಾತ್ರಿ ಎಚ್ಚರವಿದ್ದು ಹಾಕುತ್ತಿದ್ದರು.

ರಜೆಗೆ ಊರಿಗೆ ಬರುವವರಿಗೆ ಒಂದೆರಡು ಮಾತು ಹೇಳುತ್ತೇನೆ, ಬೇಜಾರಾದರೆ ಆಗಲಿ. ಹಬ್ಬದ ಊಟ ಮುಗಿದ ಮೇಲೂ ಒಂದು ದಿನ ಉಳಿಯಿರಿ, ಪಾತ್ರೆ ತೊಳೆಯುವ, ಹಾಸಿಗೆ ಒಗೆಯುವ, ಗಂಜಿ ಚಟ್ನಿಯ ದಿನ. ಗೋದಲಿ ಜನವರಿ 6ರ ಮೂರು ರಾಯರ ಹಬ್ಬದವರೆಗೂ ಇರುತ್ತದೆ, ಅದನ್ನು ಬಿಚ್ಚುವುದು ಯಾವಾಗಲೂ ಒಬ್ಬರೇ ಯಾಕೆ? ಟಿಕೆಟ್ ಬುಕ್ ಮಾಡುವ ಮೊದಲು ಕೊನೆಗಾರ ಯಾವತ್ತು ಬರುತ್ತಾನೆ ಅಂತ ಒಂದು ಫೋನ್ ಮಾಡಿ. ಪುಣ್ಯವಂತ ಅನ್ನುವ ಮಾತನ್ನು ದಯವಿಟ್ಟು ಬಿಡಿ. ಇನ್ನು ಊರಲ್ಲಿ ಉಳಿದವರಿಗೆ, ರಾತ್ರಿ ತಡೆಯಲಾರದ ಹಾಗೆ ಆದರೆ ಬೆಳಗಾಗಲಿ ಅಂತ ಕಾಯಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಸಂಖ್ಯೆ 14416, ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲೇ ಮಾತಾಡಬಹುದು.

ಮುಂದಿನ ಕ್ರಿಸ್ಮಸ್‌ಗೆ ಅವರು ಹೊರಟರು. ಸಾಗರದಲ್ಲಿ ರೈಲು ಹತ್ತಿ ಮೈಸೂರಿಗೆ ಹೋದರು, ಲಾಡ್ಜ್‌ನಲ್ಲಿ ಎರಡು ದಿನ ಬರೀ ಮಲಗಿದರಂತೆ. ಮನೆಯಲ್ಲಿ ಉಳಿದದ್ದು ಬೆಂಗಳೂರಿನ ಅಣ್ಣ. ಎಲ್ಲ ಸರಿಹೋಯಿತು ಅಂತ ಬರೆಯುವ ಆಸೆ ನನಗೂ ಇದೆ. ಆದರೆ ಅಣ್ಣ ಸುಲಿಯುವವರಿಗೆ ಎರಡು ಪಟ್ಟು ಕೂಲಿ ಕೊಟ್ಟು ಬೇಗ ಬೇಗ ಮುಗಿಸಿ, "ಇಷ್ಟೇ ತಾನೇ, ಇದಕ್ಕೆ ಇಷ್ಟು ರಾಮಾಯಣವಾ" ಅಂದರಂತೆ. ಈಗ ಸುಲಿಯುವವರು ಇವರ ಹತ್ತಿರ ಅದೇ ರೇಟು ಕೇಳುತ್ತಿದ್ದಾರೆ. ಮದುವೆಯ ವಿಷಯ ಅವರು ಎತ್ತಿಲ್ಲ, ನಾನೂ ಎತ್ತಿಲ್ಲ. ಮೊನ್ನೆ ಫೋನ್ ಮಾಡಿ, ಕೂಲಿಯ ಆ ಹೆಚ್ಚಿನ ದುಡ್ಡನ್ನು ಅಣ್ಣನ ಹತ್ತಿರ ಕೇಳಬಹುದಾ ಅಂದರು. ಕೇಳಿ ಅಂದೆ. ಎಷ್ಟು ಅಂತ ಮೊದಲೇ ಬರೆದಿಟ್ಟುಕೊಂಡು ಕೇಳಿ ಅಂದೆ.