ಒಂದೇ ಪುಸ್ತಕನಾ, ನಾಲ್ಕು ಪೇಪರ್ರಾ?

ಪ್ರಶ್ನೆ: ಧಾರವಾಡದಲ್ಲಿ ಎಂಎ ಮುಗಿಸಿ ಈಗ ಸ್ವೀಡನ್‌ನಲ್ಲಿ ಇತಿಹಾಸದಲ್ಲಿ ಪಿಎಚ್‌ಡಿಗೆ ಸೇರಿದೀನಿ, ವಿಷಯ ಹಳೇ ಮೈಸೂರು ಸಂಸ್ಥಾನದ ಕೆರೆಗಳು. ಥೀಸಿಸ್ ಇಡೀ ಪುಸ್ತಕದ ಥರ ಬರೀತೀಯಾ, ಪೇಪರ್‌ಗಳನ್ನ ಸೇರಿಸಿ ಕೊಡ್ತೀಯಾ ಅಂತ ಗೈಡ್ ಕೇಳ್ತಿದಾರೆ. ಬಯಾಲಜಿ ಮಾಡೋ ರೂಮ್‌ಮೇಟ್ ಪೇಪರ್ರೇ ಬೆಸ್ಟ್ ಅಂತಾನೆ. ಏನ್ಮಾಡ್ಲಿ?
– ಹೆಸರು ಬೇಡ, ಉಪ್ಸಾಲಾ

ಉತ್ತರ: ರೂಮ್‌ಮೇಟ್ ಮಾತು ಅವನ ಲ್ಯಾಬಿಗೆ ಸರಿ ಕಣ್ರೀ. ಅಲ್ಲಿ ಸೈನ್ಸ್, ಮೆಡಿಸಿನ್‌ನವರು ಮೂರ್ನಾಲ್ಕು ಪೇಪರ್ ಬರೆದು ಮುಂದೆ ‘ಕಪ್ಪಾ’ ಅಂತ ಒಂದು ಉದ್ದದ ಪೀಠಿಕೆ ಹಾಕಿ ಬೈಂಡ್ ಮಾಡಿಸ್ತಾರೆ, ಎಲ್ಲಾ ಅಚ್ಚಾಗಿರ್ಲೇಬೇಕು ಅಂತ ಸಾಮಾನ್ಯವಾಗಿ ಇಲ್ಲ, ಜೊತೆಗೆ ಬರೆದೋರಿದ್ರೆ ನಿಮ್ಮ ಪಾಲೆಷ್ಟು ಅಂತ ತೋರಿಸ್ಬೇಕು. ಇತಿಹಾಸದವರು ಈಗ್ಲೂ ಹೆಚ್ಚಾಗಿ ಪುಸ್ತಕನೇ ಬರೀತಾರೆ.

ಒಂದ್ಸಂಜೆ ಕೂತು ನಾಲ್ಕು ಪೇಪರ್‌ನ ವಾದ ಒಂದೊಂದು ಸಾಲಲ್ಲಿ ಬರೆದು ನೋಡಿ. ಕೆರೆ ನೀರು ಹಂಚೋ ನೀರುಗಂಟಿ ಅಂದ್ರೆ ಯಾರು, ತೂಬು ಯಾರು ಎತ್ತಬೇಕಿತ್ತು, ಇನಾಂ ಜಮೀನು ಯಾಕೆ ಕೊಡ್ತಿದ್ರು, 1881ರಲ್ಲಿ ಒಡೆಯರಿಗೆ ರಾಜ್ಯ ವಾಪಸ್ ಬಂದಾಗ ಏನಾಯ್ತು, ಇಷ್ಟನ್ನೂ ಪ್ರತಿ ಪೇಪರ್‌ನಲ್ಲೂ ಹೊಸಬರಿಗೆ ಮೊದಲಿಂದ ಹೇಳ್ಬೇಕಾ? ಹಾಗಾದ್ರೆ ಜರ್ನಲ್‌ನವರು ಕೊಡೋ ಪದಮಿತಿಯಲ್ಲಿ ಅರ್ಧ ಅದಕ್ಕೇ ಹೋಗತ್ತೆ, ನಿಮ್ಮ ಮಾತು ಕೊನೇ ಎರಡು ಪುಟಕ್ಕೆ ಬಂದು ನಿಲ್ಲತ್ತೆ. ನನ್ನ ಕೇಳಿದ್ರೆ ಪುಸ್ತಕನೇ ಬರೀರಿ.

ಆದ್ರೆ ಪೇಪರ್ ಪೂರ್ತಿ ಬಿಡ್ಬೇಡಿ. ನಮ್ಮಲ್ಲಿ 2016ರ ಯುಜಿಸಿ ರೂಲ್ಸ್‌ನಲ್ಲಿ ಥೀಸಿಸ್ ಕೊಡೋಕೆ ಮುಂಚೆ ಒಂದು ಪೇಪರ್ ಬರ್ಲೇಬೇಕಿತ್ತು, 2022ರಲ್ಲಿ ಆ ಕಡ್ಡಾಯ ತೆಗೆದ್ರು, ಆದ್ರೂ ಊರಿಗೆ ಬಂದು ಲೆಕ್ಚರರ್ ಕೆಲಸಕ್ಕೆ ಅರ್ಜಿ ಹಾಕಿದ್ರೆ ಶಾರ್ಟ್‌ಲಿಸ್ಟ್‌ನಲ್ಲಿ ಪೇಪರ್‌ಗೆ ಅಂಕ ಇದ್ದೇ ಇದೆ. ಹಾಗಾಗಿ ಒಂದು ಅಧ್ಯಾಯ, ನೀರುಗಂಟಿಯದೇ ಇರ್ಲಿ, ಲೇಖನ ಮಾಡಿ ಮೊದಲೇ ಕಳಿಸಿಬಿಡಿ. ಬೇಗ ಕಳಿಸಿ, ರಿವ್ಯೂ ಮಾಡೋರು ತಿಂಗಳುಗಟ್ಟಲೆ ಕೂರಿಸ್ತಾರೆ, ನಿಮಗಿರೋದು ನಾಲ್ಕೇ ವರ್ಷದ ಓದು (ಡಿಪಾರ್ಟ್‌ಮೆಂಟಲ್ಲಿ ಪಾಠ ಗೀಠ ಮಾಡಿದ್ರೆ ಐದರವರೆಗೂ ಎಳೀಬಹುದು).

ಲೇಖನ ಆಮೇಲೆ ಥೀಸಿಸ್‌ನಲ್ಲಿ ಬಳಸೋಕೆ ಪ್ರಕಾಶಕರು ಒಪ್ತಾರಾ ಅಂತ ಸಹಿ ಹಾಕೋ ಮುಂಚೆನೇ ಓದ್ಕೊಳ್ಳಿ. ಗೈಡ್ ಹತ್ರ ಮಾತಾಡಿ ಆದ್ಮೇಲೆ ಪುಸ್ತಕನಾ ಪೇಪರ್ರಾ ಅನ್ನೋ ತೀರ್ಮಾನನ ನಿಮ್ಮ ಸ್ಟಡಿ ಪ್ಲಾನ್‌ನಲ್ಲೂ ಬರೆಸಿ, ಆ ಪ್ಲಾನ್ ವರ್ಷಕ್ಕೊಮ್ಮೆ ಹೇಗೂ ತಿದ್ದುಪಡಿ ಆಗತ್ತೆ, ಮನಸ್ಸು ಬದಲಾದ್ರೆ ಅಲ್ಲೇ ಬದಲಾಯಿಸ್ಬಹುದು.