ಮಾತ್ರೆಯನ್ನೇ ನುಂಗದವರಲ್ಲಿ ಮಾತ್ರೆಗೆ ಬಗ್ಗದ ಎಚ್‌ಐವಿ ಹೇಗೆ?

ಪ್ರಶ್ನೆ: ನಾನು ನರ್ಸಿಂಗ್ ವಿದ್ಯಾರ್ಥಿನಿ. ಉಗಾಂಡಾದಲ್ಲಿ ಚಿಕಿತ್ಸೆ ಶುರುವಾಗುವ ಮೊದಲೇ ಕೆಲವರ ಎಚ್‌ಐವಿ ಔಷಧಕ್ಕೆ ಬಗ್ಗುವುದಿಲ್ಲ ಎಂದು ಓದಿದೆ. ಇದು ಹೇಗೆ ಸಾಧ್ಯ ಸರ್? ಅದನ್ನು ಪತ್ತೆ ಮಾಡುವುದರಿಂದ ಏನು ಉಪಯೋಗ?

ಉತ್ತರ: ಇದಕ್ಕೆ ಎರಡು ದಾರಿ ಇದೆಯಮ್ಮ. ಸೋಂಕು ಕೊಟ್ಟವರ ದೇಹದಲ್ಲೇ ವೈರಸ್ ಔಷಧಕ್ಕೆ ಬಗ್ಗದಂತೆ ಬದಲಾಗಿದ್ದರೆ, ಬದಲಾದ ವೈರಸ್ಸೇ ದಾಟಿ ಬರುತ್ತದೆ. ಇನ್ನೊಂದು, ‘ಹೊಸ ರೋಗಿ’ ಎಂದು ಬರೆದುಕೊಂಡವರಲ್ಲಿ ಕೆಲವರು ಹಿಂದೆ ಎಂದೋ ಮಾತ್ರೆ ತಗೊಂಡು ಬಿಟ್ಟಿರುತ್ತಾರೆ.

ಹೀಗೆ ಹಿಂದೆ ಕೊಟ್ಟ ಮಾತ್ರೆಗೆ ಒಂದು ಉದಾಹರಣೆ ನೋಡಿ. ಉಗಾಂಡಾದ ರಾಜಧಾನಿ ಕಂಪಾಲಾದ ಒಂದು ಅಧ್ಯಯನ 1999ರಲ್ಲಿ ಪ್ರಕಟವಾಯಿತು. ಹೆರಿಗೆ ನೋವು ಬಂದಾಗ ತಾಯಿಗೆ ನೆವಿರಪಿನ್ ಎಂಬ ಎಚ್‌ಐವಿ ಔಷಧದ ಒಂದೇ ಮಾತ್ರೆ, ಹುಟ್ಟಿದ ಮಗುವಿಗೆ ಒಂದು ಡೋಸ್. ಆಗಿದ್ದ ಜಿಡೊವುಡಿನ್ ಎಂಬ ಔಷಧದ ಚಿಕಿತ್ಸೆಗೆ ಹೋಲಿಸಿದರೆ ಮಕ್ಕಳಿಗೆ ಸೋಂಕು ಸುಮಾರು ಅರ್ಧಕ್ಕೆ ಇಳಿಯಿತು. ಅದು ದೊಡ್ಡ ವರ. ಆದರೆ ನೆವಿರಪಿನ್ ರಕ್ತದಲ್ಲಿ ಬಹಳ ದಿನ ಉಳಿಯುತ್ತದೆ. ಜೊತೆಗೆ ಬೇರೆ ಔಷಧ ಇಲ್ಲದಿದ್ದಾಗ ವೈರಸ್‌ಗೆ ತಪ್ಪಿಸಿಕೊಳ್ಳಲು ಒಂದೇ ಬದಲಾವಣೆ ಸಾಕು. ಕೆ103ಎನ್ ಎನ್ನುವ ಆ ಬದಲಾವಣೆ ನೆವಿರಪಿನ್, ಅದೇ ಗುಂಪಿನ ಎಫಾವಿರೆಂಜ್ ಎರಡನ್ನೂ ಕೆಲಸಕ್ಕೆ ಬಾರದಂತೆ ಮಾಡುತ್ತದೆ.

ಕೆ103ಎನ್‌ನಿಂದ ವೈರಸ್ ಅಷ್ಟೇನೂ ಸೊರಗುವುದಿಲ್ಲ. ಹಾಗಾಗಿ ಔಷಧ ನಿಲ್ಲಿಸಿ ವರ್ಷಗಳಾದರೂ ಪರೀಕ್ಷೆಯಲ್ಲಿ ಕಾಣಬಹುದು. ಲ್ಯಾಮಿವುಡಿನ್ ಎಂಬ ಇನ್ನೊಂದು ಔಷಧದ ವಿರುದ್ಧದ ಎಂ184ವಿ ಬದಲಾವಣೆ ಹಾಗಲ್ಲ. ಮಾತ್ರೆ ಬಿಟ್ಟರೆ ಬೇಗ ಮರೆಯಾಗುತ್ತದೆ, ಆದರೆ ದೇಹದೊಳಗೆ ಅಡಗಿಯೇ ಇರುತ್ತದೆ. ಅದಕ್ಕೇ ವರದಿಯಲ್ಲಿ ಏನೂ ಕಾಣಲಿಲ್ಲವೆಂದು ನಿಶ್ಚಿಂತರಾಗುವಂತಿಲ್ಲ.

ಪ್ರತಿ ರೋಗಿಗೂ ಈ ಪರೀಕ್ಷೆ ಮಾಡುವುದು ಬಹಳ ದುಬಾರಿ. ಆದ್ದರಿಂದ ಆಯ್ದ ಕೆಲವು ಕೇಂದ್ರಗಳಲ್ಲಿ, ಚಿಕಿತ್ಸೆ ಶುರು ಮಾಡಲು ಬಂದವರ ರಕ್ತ ತೆಗೆದು ವೈರಸ್ಸಿನ ಜೀನ್ ಓದುತ್ತಾರೆ. ನೂರರಲ್ಲಿ 10 ಅಥವಾ ಹೆಚ್ಚು ಜನಕ್ಕೆ ನೆವಿರಪಿನ್ ಅಥವಾ ಎಫಾವಿರೆಂಜ್ ನಾಟದಿದ್ದರೆ ದೇಶದ ಮೊದಲ ಚಿಕಿತ್ಸೆಯನ್ನೇ ಬದಲಿಸುವ ಬಗ್ಗೆ ತುರ್ತಾಗಿ ಯೋಚಿಸಿ ಅಂತ ವಿಶ್ವ ಆರೋಗ್ಯ ಸಂಸ್ಥೆ 2017ರಲ್ಲಿ ಹೇಳಿತು. ಉಗಾಂಡಾ, ನಮೀಬಿಯಾ, ಜಿಂಬಾಬ್ವೆ ಆ ಗೆರೆ ದಾಟಿದ್ದವು. 2019ರಲ್ಲಿ ಡೊಲುಟೆಗ್ರಾವಿರ್ ಎಂಬ ಬೇರೆ ಗುಂಪಿನ ಔಷಧ ಎಲ್ಲರಿಗೂ ಮೊದಲ ಆಯ್ಕೆಯಾಯಿತು. ಆ ಮಾತ್ರೆಗಳಲ್ಲಿ ಬಹುಪಾಲು ತಯಾರಾಗುವುದು ನಮ್ಮ ದೇಶದಲ್ಲೇ. ಲಕ್ಷಾಂತರ ಜನ ದಿನಾ ನುಂಗುವ ಮಾತ್ರೆಯನ್ನು ಬದಲಿಸಲು ಇಂಥ ಸಮೀಕ್ಷೆಗಳೂ ಒಂದು ಕಾರಣವಾದವು ಅಂದರೆ ಅವುಗಳ ಉಪಯೋಗ ಚಿಕ್ಕದಲ್ಲ, ಅಲ್ವಾ?

ನಿಮ್ಮ ಕೆಲಸಕ್ಕೆ ಬರುವ ಮಾತು ಒಂದಿದೆ. ಹಿಂದೆ ಮಾತ್ರೆ ತಗೊಂಡು ಬಿಟ್ಟವರಲ್ಲಿ ಈ ತೊಂದರೆ ಎರಡು ಪಟ್ಟಿಗಿಂತ ಜಾಸ್ತಿ ಕಂಡಿತ್ತು. ಬೈಸಿಕೊಳ್ಳುವ ಭಯಕ್ಕೆ ಅವರಲ್ಲಿ ಕೆಲವರು ಅದನ್ನು ಹೇಳುವುದಿಲ್ಲ. “ಯಾಕೆ ಬಿಟ್ರಿ?” ಎಂದು ಗದರಿಸಬೇಡಿ. “ಮುಂಚೆ ಯಾವಾಗಲಾದರೂ, ಹೆರಿಗೆ ಹೊತ್ತಲ್ಲಾದರೂ, ಮಾತ್ರೆ ಕೊಟ್ಟಿದ್ರಾ?” ಎಂದು ಮೆಲ್ಲಗೆ ಕೇಳಿ.